ತಲೆ ಎಣಿಸಿದ್ದಾಯಿತು, ಕೈ ಎಣಿಸುವವರಾರು?

2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ ನಮ್ಮ ಮೊಹಲ್ಲಾಗಳಲ್ಲಿ ದೊಡ್ಡ ಗಡಿಬಿಡಿ. ಧರ್ಮದ ಕಾಲಮ್ಮಿನಲ್ಲಿ ಏನು ಬರೆಸಬೇಕು, ಜಾತಿಯ ಕಾಲಮ್ಮಿನಲ್ಲಿ ಏನು ಬರೆಸಬೇಕು ಎಂದು ಜುಮಾ ನಮಾಜಿನ ನಂತರ ತಿಳುವಳಿಕೆ, ಕರಪತ್ರ, ವಾಟ್ಸಾಪ್. ನಮ್ಮವರಷ್ಟೇ ಅಲ್ಲ, ಮಠಗಳು, ಜಾತಿ ಸಂಘಗಳು ಎಲ್ಲವೂ ಇದನ್ನೇ ಮಾಡಿದವು. ಅರವತ್ತು ಪ್ರಶ್ನೆಗಳ ಆ ನಮೂನೆಯಲ್ಲಿ ಉದ್ಯೋಗದ ಬಗೆಗೂ ಕೇಳಲಾಗಿತ್ತು. ಅಲ್ಲಿ ಏನು ಬರೆಸಬೇಕೆಂದು ಯಾವ ಮಿಂಬರಿನಿಂದಲೂ ಯಾರೂ ಹೇಳಿದ್ದನ್ನು ನಾವು ಕೇಳಲಿಲ್ಲ.

ಪಕ್ಕದ ಗಲ್ಲಿಯ ಒಂದು ಮನೆಯಲ್ಲಿ ಗಣತಿಗೆ ಬಂದ ಮೇಷ್ಟ್ರು ಹೊಸ್ತಿಲ ಬಳಿ ಕುಳಿತಿದ್ದರು. "ನೀವೇನು ಕೆಲಸ ಮಾಡ್ತೀರಮ್ಮ?" ಎಂದು ಕೇಳಿದರು. "ಏನೂ ಇಲ್ಲ ಸಾರ್, ಮನೇಲೇ ಇರ್ತೀನಿ" ಎಂದಳು ಆಕೆ. ಹೇಳುವಾಗ ಮಣೆಯ ಮೇಲೆ ಅಗರಬತ್ತಿ ಹೊಸೆಯುತ್ತಲೇ ಇದ್ದಳು. ಮೊಣಕೈವರೆಗೂ ಕರಿ. ಮೇಷ್ಟ್ರು ಅದನ್ನು ನೋಡಿದರು, ಆದರೆ ಆಕೆ ಹೇಳಿದ್ದನ್ನೇ ಬರೆದುಕೊಂಡರು. ಅವರದೇನೂ ತಪ್ಪಿಲ್ಲ. ತಾನು ಮಾಡುವುದು ಕೆಲಸವೆಂದು ಆಕೆಗೇ ಯಾರೂ ಹೇಳಿರಲಿಲ್ಲ.

ನಮ್ಮ ಧುರೀಣರ ಭಾಷಣಗಳು ಈಗಲೂ 2006ರ ಸಾಚಾರ್ ವರದಿಯಿಂದಲೇ ಶುರುವಾಗುತ್ತವೆ. ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ. 13.4, ಐಎಎಸ್‌ನಲ್ಲಿ ಶೇ. 3. ಚಪ್ಪಾಳೆ. ಈ ಸಂಖ್ಯೆ ಸುಳ್ಳಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಖ್ಯೆಯೂ ಇತ್ತು: ದುಡಿಯುವ ಮುಸ್ಲಿಮರಲ್ಲಿ ಶೇ. 61ರಷ್ಟು ಮಂದಿ ಸ್ವಯಂ ಉದ್ಯೋಗಿಗಳು. ಕಲೆಕ್ಟರಾಗದ ಮಗನ ಬಗ್ಗೆ ಅಳುವ ನಾವು ತಳ್ಳುಗಾಡಿಯ ತಂದೆಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ.

ಈಗ ಸರ್ಕಾರದ ಲೆಕ್ಕ ನೋಡಿ. ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ ದೇಶದ ನಿರುದ್ಯೋಗ 2017-18ರಲ್ಲಿ ಶೇ. 6 ಇದ್ದದ್ದು 2023-24ರಲ್ಲಿ ಶೇ. 3.2ಕ್ಕೆ ಇಳಿಯಿತು. ಸಂತೋಷಪಡೋಣವೇ? ಅದೇ ಅವಧಿಯಲ್ಲಿ ಸ್ವಯಂ ಉದ್ಯೋಗಿಗಳ ಪಾಲು ಶೇ. 52ರಿಂದ 58ಕ್ಕೆ ಏರಿತು. ಮನೆಯ ಅಂಗಡಿಯಲ್ಲಿ ಬಿಡಿಗಾಸಿಲ್ಲದೆ ದುಡಿಯುವ ಹೆಂಡತಿ, ಮಗಳು ಕೂಡ ಈ ಲೆಕ್ಕದಲ್ಲಿ 'ಸ್ವಯಂ ಉದ್ಯೋಗಿ'ಗಳೇ. ವಾರದ ಲೆಕ್ಕ ಹಿಡಿಯುವಾಗಲಂತೂ ಏಳು ದಿನದಲ್ಲಿ ಒಂದು ಗಂಟೆ ಕೆಲಸ ಮಾಡಿದವನೂ ಉದ್ಯೋಗಿಯೇ. ಬಡವನಿಗೆ ನಿರುದ್ಯೋಗಿಯಾಗಿರುವ ಭಾಗ್ಯವೆಲ್ಲಿದೆ? ಓದಿದವನು ಕೆಲಸ ಹುಡುಕುತ್ತಾ ಮನೆಯಲ್ಲಿ ಕೂರಬಲ್ಲ. ಮೊಹಲ್ಲಾದವನು ಮರುದಿನವೇ ಏನಾದರೂ ಹೊತ್ತು ಮಾರಲು ಹೊರಡಬೇಕು.

ರಾಮನಗರವನ್ನೇ ತೆಗೆದುಕೊಳ್ಳಿ. ರೇಷ್ಮೆ ಗೂಡಿನ ದೊಡ್ಡ ಮಾರುಕಟ್ಟೆಯ ಊರು. ಕುದಿಯುವ ನೀರಿನಲ್ಲಿ ಕೈಯಾಡಿಸಿ ನೂಲು ಬಿಚ್ಚಿದ ಮುಸ್ಲಿಂ ಕುಟುಂಬಗಳು ಅಲ್ಲಿ ಎಷ್ಟೋ ಇವೆ. ಬೆರಳ ಸಂದಿಗಳಲ್ಲಿ ಹುಣ್ಣು, ಹೊಗೆಗೆ ಕೆಮ್ಮು. ಮಕ್ಕಳನ್ನೂ ಬಿಡಲಿಲ್ಲ ಈ ಕಸುಬು. ಅದು ನಮ್ಮವರೇ ನಮ್ಮವರಿಗೆ ಮಾಡಿದ ಅನ್ಯಾಯ, ಮುಚ್ಚಿಡುವಂಥದ್ದೇನಿಲ್ಲ. 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿದಾಗ ಸಣ್ಣ ರೀಲರುಗಳ ಬೆನ್ನು ಮುರಿಯಿತು. ಆಮೇಲೆ ಸ್ವಯಂಚಾಲಿತ ಯಂತ್ರಗಳು ಬಂದವು. ನೂಲಿನ ಗುಣಮಟ್ಟ ಏರಿತು, ಬೇಕಾದ ಕೈಗಳು ಕಡಿಮೆಯಾದವು. ಚರಕ ಬಿಟ್ಟ ಕೂಲಿಯವನು ಬಾಡಿಗೆ ಆಟೋ ಹತ್ತಿದನೆನ್ನಿ, ಇಲ್ಲವೇ ಬಾಳೆಹಣ್ಣಿನ ಗಾಡಿ ಹಿಡಿದನೆನ್ನಿ. ಸಮೀಕ್ಷೆಯಲ್ಲಿ ಅವನು ಕೂಲಿಯ ಕಾಲಮ್ಮಿನಿಂದ ಸ್ವಯಂ ಉದ್ಯೋಗದ ಕಾಲಮ್ಮಿಗೆ ಬಡ್ತಿ ಪಡೆದ! ಒಂದು ಮೊಹಲ್ಲಾದ ಕಸುಬೇ ಕುಸಿದರೂ ಕಾಗದದ ಮೇಲೆ ಅದು ಏಳಿಗೆ.

ಆ ಸಮೀಕ್ಷೆ ಕೆಲವೇ ಲಕ್ಷ ಮನೆಗಳಿಂದ ಇಡೀ ದೇಶವನ್ನು ಅಳೆಯುವಂಥದ್ದು. ಒಂದು ಗಲ್ಲಿಯ ಕಥೆಯನ್ನು ಅದರಿಂದ ಕೇಳುವುದು ನ್ಯಾಯವೂ ಅಲ್ಲ. ವಾರ್ಡಿನ ಮಟ್ಟಕ್ಕೆ ಇಳಿಯುವುದು ಜನಗಣತಿ. 2011ರ ಗಣತಿ ದುಡಿಯುವವರನ್ನು ನಾಲ್ಕು ಪಂಗಡ ಮಾಡಿತು: ಸಾಗುವಳಿದಾರ, ಕೃಷಿ ಕೂಲಿ, ಗೃಹ ಕೈಗಾರಿಕೆ, ಇತರರು. ಪಟ್ಟಣದಲ್ಲಿ ಹೊಲವೆಲ್ಲಿದೆ? ಹಾಗಾಗಿ ಫಿಲೇಚರಿನ ಕೂಲಿ, ಬ್ಯಾಂಕಿನ ಮ್ಯಾನೇಜರು, ವಕೀಲ, ಗುಜರಿಯವ ಎಲ್ಲರೂ 'ಇತರರು'. 2021ರಲ್ಲಿ ಆಗಬೇಕಿದ್ದ ಮುಂದಿನ ಗಣತಿ 2027ಕ್ಕೆ ಹೋಯಿತು. ಈ ಹದಿನಾರು ವರ್ಷಗಳ ನಡುವೆ ನೋಟು ರದ್ದತಿ, ಕೊರೊನಾ, ಮನೆ ಬಾಗಿಲಿಗೆ ಸಾಮಾನು ತರುವ ಆಪ್‌ಗಳು ಎಲ್ಲವೂ ನಮ್ಮ ಗಲ್ಲಿಗಳ ಮೇಲೆ ಹಾದುಹೋದವು.

ಸರ್ಕಾರವನ್ನು ಬೈದರೆ ನಮ್ಮ ಕೆಲಸ ಮುಗಿಯಿತೇ? ನಮ್ಮ ಜಮಾಅತ್‌ಗಳ ದಫ್ತರಿನಲ್ಲಿ ನಿಕಾಹ್‌ನ ಲೆಕ್ಕವಿದೆ, ಚಂದಾ ಬಾಕಿ ಇಟ್ಟವರ ಪಟ್ಟಿಯಂತೂ ಅಚ್ಚುಕಟ್ಟಾಗಿದೆ. ಪ್ರತಿ ರಮಝಾನಿನಲ್ಲಿ ಝಕಾತ್‌ಗೆ ಅರ್ಹರ ಪಟ್ಟಿಯನ್ನೂ ಮಾಡುತ್ತೇವೆ. ಯಾರ ಗಂಡ ಹಾಸಿಗೆ ಹಿಡಿದ, ಯಾರ ಅಂಗಡಿ ಮುಚ್ಚಿತು, ಯಾರು ಬಡ್ಡಿ ಸಾಲಕ್ಕೆ ಬಿದ್ದರು, ಎಲ್ಲವೂ ಅದರಲ್ಲಿರುತ್ತದೆ. ಸರ್ಕಾರದ ಯಾವ ಸಮೀಕ್ಷೆಗೂ ಸಿಗದ ಮಾಹಿತಿ. ಈದ್ ಮುಗಿದ ಮೇಲೆ ಆ ಹಾಳೆಗಳು ಎಲ್ಲಿಗೆ ಹೋಗುತ್ತವೆ? ಒಂದು ಮಸೀದಿ ಕಮಿಟಿಯ ಹಿರಿಯರನ್ನು ಕೇಳಿದೆವು. "ಅವನ್ನಿಟ್ಟುಕೊಂಡು ಏನ್ಮಾಡೋದು ಸಾಬ್, ಮುಂದಿನ ವರ್ಷ ಹೊಸದು ಮಾಡ್ತೀವಲ್ಲ" ಎಂದರು.

ಇಪ್ಪತ್ತು ವರ್ಷಗಳ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಚರಕ ಯಾವ ವರ್ಷ ನಿಂತಿತು, ಹೆಂಗಸರು ಯಾವ ವರ್ಷ ಗಾರ್ಮೆಂಟ್ಸ್ ಬಸ್ಸು ಹತ್ತಿದರು, ಹುಡುಗರು ಯಾವಾಗ ಶಾಲೆ ಬಿಟ್ಟು ಗ್ಯಾರೇಜು ಸೇರಿದರು ಎಂಬುದು ಕೈಬೆರಳಲ್ಲಿ ಎಣಿಸಲು ಸಿಗುತ್ತಿತ್ತು. ಸಾಲ ಕೇಳಲು ನಿಗಮಕ್ಕೆ ಹೋದಾಗ, ಪುರಸಭೆಯ ಬಜೆಟ್ಟಿನ ಹೊತ್ತಿಗೆ ಸದಸ್ಯನ ಮುಂದೆ ಕುಳಿತಾಗ ಕಣ್ಣೀರಿನ ಬದಲು ಆ ಕಾಗದವನ್ನು ಮುಂದಿಡಬಹುದಿತ್ತು.

ಮುಂದಿನ ರಮಝಾನಿನ ಪಟ್ಟಿಗೆ ಮೂರು ಕಾಲಮ್ಮು ಸೇರಿಸಿ: ಹೋದ ವರ್ಷದ ಕೆಲಸ, ಈ ವರ್ಷದ ಕೆಲಸ, ತಿಂಗಳಲ್ಲಿ ಎಷ್ಟು ದಿನ ದುಡಿಮೆ ಸಿಕ್ಕಿತು. ಝಕಾತ್ ಪಡೆಯದ ಮನೆಗಳನ್ನೂ ಕೇಳಿ. ಹೆಂಗಸರನ್ನು ಹೆಂಗಸರೇ ಕೇಳಲಿ, ಮತ್ತು 'ಏನೂ ಇಲ್ಲ' ಎಂಬ ಉತ್ತರವನ್ನು ಹಾಗೇ ಬರೆದುಕೊಳ್ಳದಿರಲಿ. ಹೆಸರುಗಳ ಪುಸ್ತಕ ಬೇರೆ, ಕೆಲಸದ ಪುಸ್ತಕ ಬೇರೆ ಇರಲಿ. ಹೊರಗೆ ತೋರಿಸುವುದು ಎರಡನೆಯದನ್ನು ಮಾತ್ರ. ಹೆಸರಿನ ಪಟ್ಟಿಗಳು ಗಲಭೆಯ ದಿನಗಳಲ್ಲಿ ಯಾವ ಕೆಲಸಕ್ಕೆ ಬರುತ್ತವೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.