ಹುಳು ಸಾಯಲಿ, ಮೀನು ಉಳಿಯಲಿ

ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಈ ಅನುಮಾನ ಬಂದೇ ಬರುತ್ತೆ. ಕಲ್ಲಿನ ಮೇಲೆ, ಗಾಜಿನ ಒಳಮೈಯಲ್ಲಿ ತುಕ್ಕಿನ ಬಣ್ಣದ ಚುಕ್ಕೆಗಳು ಕಾಣ್ತಿವೆಯಲ್ಲ, ಏನಿವು? ಪಾಚಿ ಇರಬಹುದು ಅಂತ ಸುಮ್ಮನಾಗ್ತೀರಿ. ನಾಲ್ಕು ದಿನ ಬಿಟ್ಟು ನೋಡಿದರೆ ಚುಕ್ಕೆಗಳು ಜಾಗ ಬದಲಿಸಿವೆ, ಜೊತೆಗೆ ಸಂಖ್ಯೆಯೂ ಹೆಚ್ಚಿದೆ. ಪಾಚಿ ನಡೆಯೋದಿಲ್ಲ. ಅವು ಚಪ್ಪಟೆ ಹುಳುಗಳು.

ಬೆಂಗಳೂರಿನ ನಮ್ಮ ಫ್ಲ್ಯಾಟಿನ ಮೂರಡಿ ಟ್ಯಾಂಕಿಗೂ ಈ ವರ್ಷ ಅವು ಬಂದಿದ್ದವು, ಈಗಿಲ್ಲ. ಓಡಿಸೋಕೆ ಒಟ್ಟು ನಾಲ್ಕು ವಾರ ಹಿಡಿಯಿತು. ಒಂದೇ ಸಂಜೆಯಲ್ಲಿ ಮುಗಿಸಬಹುದಾದ ಕೆಲಸವನ್ನು ಬೇಕಂತಲೇ ನಿಧಾನ ಮಾಡಿದೆವು. ಯಾಕೆ ಅನ್ನೋದೇ ಈ ಸಲದ ಅಂಕಣ.

ಯಾರಿವರು?

ಅಕ್ವೇರಿಯಂಗಳಲ್ಲಿ ಹೆಚ್ಚಾಗಿ ತೊಂದರೆ ಕೊಡುವ ಕೆಂಗಂದು ಹುಳುವಿಗೆ ವಿಜ್ಞಾನಿಗಳು ಇಟ್ಟ ಹೆಸರು ಕಾನ್ವೊಲ್ಯುಟ್ರಿಲೋಬಾ ರೆಟ್ರೊಜೆಮ್ಮಾ. ಹೆಸರು ಉದ್ದ, ಪ್ರಾಣಿ ಚಿಕ್ಕದು. ಉದ್ದ ಕೆಲವೇ ಮಿಲಿಮೀಟರ್. ಹಿಂಭಾಗ ಮೂರು ಕವಲಾಗಿ ಕಾಣುತ್ತೆ, ಗುರುತಿಸೋಕೆ ಅದೇ ಸುಲಭದ ದಾರಿ. ಮೈಯೊಳಗೆ ಸೂಕ್ಷ್ಮ ಪಾಚಿಗಳನ್ನು ಸಾಕಿಕೊಂಡಿರುತ್ತೆ. ಬೆಳಕು ಬಿದ್ದರೆ ಆ ಪಾಚಿಗಳೇ ಅದಕ್ಕೆ ಊಟ ತಯಾರಿಸಿ ಕೊಡುತ್ತವೆ. ಹಾಗಾಗಿ ಲೈಟ್ ಚೆನ್ನಾಗಿ ಬೀಳುವ, ನೀರಿನ ಓಟ ಕಮ್ಮಿ ಇರುವ ಜಾಗದಲ್ಲೇ ಇವು ಜಮಾಯಿಸೋದು.

ಇದರ ಸಂಸಾರ ಬೆಳೆಯೋ ರೀತಿಯೂ ವಿಚಿತ್ರ. ಗಂಡು ಹೆಣ್ಣು ಕೂಡಲೇಬೇಕು ಅಂತಿಲ್ಲ. ಹಿಂಭಾಗದಲ್ಲಿ ಮೊಗ್ಗಿನಂತೆ ಮರಿ ಮೂಡುತ್ತೆ, ಅದೂ ತಾಯಿಗೆ ತಿರುವುಮುರುವಾಗಿ. ಬೆಳೆದ ಮೇಲೆ ಕಳಚಿಕೊಂಡು ತನ್ನ ದಾರಿ ಹಿಡಿಯುತ್ತೆ. ಒಂದು ಹುಳು ಬಂದರೂ ಸಾಕು, ಟ್ಯಾಂಕ್ ತುಂಬೋಕೆ. ಮೈ ತುಂಡಾದರೆ ಮತ್ತೆ ಬೆಳೆಸಿಕೊಳ್ಳುವ ಶಕ್ತಿಯೂ ಇದೆ. ಅದಕ್ಕೇ ಬ್ಲೇಡಿನಲ್ಲಿ ಕೆರೆದು ತೆಗೆಯೋ ಯೋಚನೆ ಬಿಟ್ಟುಬಿಡಿ.

ಒಂದು ಮಾತು. ಟ್ಯಾಂಕಿನಲ್ಲಿ ಕಾಣುವ ಎಲ್ಲ ಚಪ್ಪಟೆ ಹುಳುವೂ ಶತ್ರು ಅಲ್ಲ. ಬಿಳಿಯ, ಪಾರದರ್ಶಕವಾದ ಒಂದೆರಡು ಗಾಜಿನ ಮೇಲೆ ಹರಿದಾಡ್ತಿದ್ದರೆ ಅವುಗಳ ಪಾಡಿಗೆ ಬಿಡಿ. ಕೆಂಗಂದು ಬಣ್ಣ, ಮೂರು ಕವಲು, ವಾರದಿಂದ ವಾರಕ್ಕೆ ಏರುವ ಸಂಖ್ಯೆ, ಈ ಮೂರೂ ಸೇರಿದರೆ ಮಾತ್ರ ಕೆಲಸ ಶುರು ಮಾಡಿ.

ಅಪಾಯ ಇರೋದು ಸಾವಿನಲ್ಲಿ

ಬದುಕಿರುವಾಗ ಈ ಹುಳು ಮೀನಿಗೆ ಏನೂ ಮಾಡಲ್ಲ. ಸಾಯುವಾಗ ಮೈಯಿಂದ ವಿಷ ಬಿಡುತ್ತೆ. ನಾಲ್ಕೈದು ಸತ್ತರೆ ಗೊತ್ತೇ ಆಗೋದಿಲ್ಲ. ಸಾವಿರಾರು ಹುಳು ಒಟ್ಟಿಗೆ ಅರ್ಧ ಗಂಟೆಯಲ್ಲಿ ಸತ್ತರೆ ಇಡೀ ನೀರು ವಿಷ. ನನ್ನ ಗೆಳೆಯನೊಬ್ಬನ ಟ್ಯಾಂಕಿನಲ್ಲಿ ಆಗಿದ್ದು ಅದೇ. ಸಂಜೆ ಔಷಧಿ ಹಾಕಿದ, ಹುಳುಗಳು ಉದುರೋದು ನೋಡಿ ಖುಷಿಪಟ್ಟ. ರಾತ್ರಿ ಊಟದ ಹೊತ್ತಿಗೆ ಐದು ಮೀನೂ ತಳ ಹಿಡಿದಿದ್ದವು. ಔಷಧಿ ತನ್ನ ಕೆಲಸ ಸರಿಯಾಗೇ ಮಾಡಿತ್ತು. ಸತ್ತ ಹುಳುಗಳ ಲೆಕ್ಕ ಮಾತ್ರ ಯಾರೂ ಇಟ್ಟಿರಲಿಲ್ಲ.

ನಮ್ಮ ಟ್ಯಾಂಕಿನಲ್ಲಿ ಇರೋದು ಒಂದು ಜೋಡಿ ಕ್ಲೌನ್ ಮೀನು, ಒಂದಷ್ಟು ಬಸವನಹುಳು, ಒಂದು ಕಂತೆ ಕಡಲ ಪಾಚಿ. ಜೋಡಿಯಲ್ಲಿ ದೊಡ್ಡದು ಹೆಣ್ಣು, ಚಿಕ್ಕದು ಗಂಡು. ಅಮ್ಮ ಅವಕ್ಕೆ ರಾಣಿ, ರಾಜ ಅಂತ ಹೆಸರಿಟ್ಟಿದ್ದಾಳೆ. ಅಪ್ಪ ಹೋದ ಮೇಲೆ ಅಮ್ಮ ಸಾಗರದಿಂದ ನಮ್ಮ ಜೊತೆ ಇರೋಕೆ ಬಂದಳು. ಐದನೇ ಮಹಡಿಯಲ್ಲಿ ಅವಳಿಗೆ ಅಂಗಳ ಇಲ್ಲ, ತೋಟ ಇಲ್ಲ, ಪರಿಚಯದವರಿಲ್ಲ. ನಾವಿಬ್ಬರೂ ಲ್ಯಾಪ್‌ಟಾಪ್ ತೆಗೆದು ಕೂತ ಮೇಲೆ ಅವಳು ಮಾತಾಡೋದು ಈ ಎರಡು ಮೀನಿನ ಜೊತೆ. ಕ್ಲೌನ್ ಮೀನು ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೀರಿ ಬದುಕುತ್ತೆ. ಅದನ್ನು ಅವಳಿಗೆ ಹೇಳಿದ್ದವನೂ ನಾನೇ.

"ಅದಕ್ಕೊಂದು ಔಷಧಿ ಸಿಗ್ತದೆ ಅಂದ್ಯಲ್ಲೋ, ಹಾಕಿ ಮುಗಿಸು" ಅಂದಳು.

"ಹಾಕಬಹುದಮ್ಮ. ಈಗಲೇ ಹಾಕಿದರೆ ಸತ್ತ ಹುಳುವಿನ ವಿಷಕ್ಕೆ ರಾಜ, ರಾಣಿನೂ ಹೋಗಬಹುದು."

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ತೋಟಕ್ಕೆ ಬಸವನಹುಳು ಬಿದ್ದಾಗ ನಿಮ್ಮಪ್ಪ ಮೊದಲು ಕೈಯಲ್ಲೇ ಹೆಕ್ಕುತ್ತಿದ್ರು ಕಣೋ. ಔಷಧಿ ಆಮೇಲೆ."

ನಾನು ಓದಿಕೊಂಡಿದ್ದೂ ಅದನ್ನೇ. ಮೊದಲು ಹೆಕ್ಕೋದು, ಆಮೇಲೆ ಔಷಧಿ.

ಮೊದಲ ಮೂರು ವಾರ: ಹೆಕ್ಕೋದು

ಏರ್ ಪಂಪಿಗೆ ಹಾಕುವ ಸಣ್ಣ ಪೈಪ್ ಇರುತ್ತಲ್ಲ, ಅದೇ ಸಾಕು. ಒಂದು ತುದಿ ಟ್ಯಾಂಕಿನಲ್ಲಿ, ಇನ್ನೊಂದು ತುದಿ ನೆಲದ ಮೇಲಿನ ಬಕೆಟ್ಟಿನಲ್ಲಿ. ನೀರು ಹರಿಯೋಕೆ ಶುರುವಾದ ಮೇಲೆ ಪೈಪಿನ ಬಾಯಿಯನ್ನು ಹುಳುವಿನ ಹತ್ತಿರ ಹಿಡಿದರೆ ಎಳೆದುಕೊಂಡು ಹೋಗುತ್ತೆ. ಮಧ್ಯಾಹ್ನ, ಲೈಟ್ ಉರಿಯುವಾಗ ಮಾಡಿ. ಆಗ ಎಲ್ಲ ಹೊರಗೆ ಬಂದು ಬಿಸಿಲು ಕಾಯಿಸ್ತಾ ಇರ್ತವೆ.

ನಾವು ದಿನ ಬಿಟ್ಟು ದಿನ ನಾಲ್ಕು ಲೀಟರ್ ತೆಗೆದೆವು. ತೆಗೆದ ನೀರನ್ನು ಸೋಸಿ ವಾಪಸ್ ಹಾಕಲಿಲ್ಲ. ಜಜ್ಜಿಹೋದ ಹುಳುವಿನ ರಸ ಅದರಲ್ಲಿ ಇರುತ್ತೆ. ಅಷ್ಟೇ ಹೊಸ ಉಪ್ಪುನೀರು ಹಾಕಿದೆವು. ಹಿಂದಿನ ದಿನವೇ ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿ ಪಂಪಿನಿಂದ ತಿರುಗಿಸಿಟ್ಟಿರಬೇಕು. ಲೀಟರಿಗೆ ಸುಮಾರು 35 ಗ್ರಾಂ.

ಅಮ್ಮನ ಕೆಲಸ ಎಣಿಸೋದು. ಗಾಜಿನ ಮೇಲೆ ಹೊರಗಿನಿಂದ ಮಾರ್ಕರಿನಲ್ಲಿ ಅಂಗೈ ಅಗಲದ ಒಂದು ಚೌಕ ಬರೆದೆವು. ದಿನಾ ಮಧ್ಯಾಹ್ನ ಒಂದು ಗಂಟೆಗೆ ಆ ಚೌಕದೊಳಗಿನ ಹುಳು ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯೋದು. ಮೊದಲ ದಿನ 43. ಮೂರನೇ ವಾರದ ಕೊನೆಗೆ ಎರಡೋ ಮೂರೋ. ಕಣ್ಣಂದಾಜಿಗಿಂತ ಈ ಲೆಕ್ಕ ಮೇಲು. ಔಷಧಿಗೆ ಯಾವಾಗ ಕೈ ಹಾಕಬಹುದು ಅಂತ ಹೇಳೋದು ಈ ಸಂಖ್ಯೆಯೇ.

ಔಷಧಿ ಹಾಕುವ ದಿನ

ಈ ಕೆಲಸಕ್ಕೆ ಹೆಚ್ಚು ಜನ ಬಳಸೋದು ಫ್ಲ್ಯಾಟ್‌ವರ್ಮ್ ಎಕ್ಸಿಟ್ ಅನ್ನುವ ದ್ರವ. ಇಡೀ ದಿನ ಮನೆಯಲ್ಲಿರುವ ಭಾನುವಾರ ಆರಿಸಿಕೊಳ್ಳಿ. ಮೀಟಿಂಗ್ ಮಧ್ಯೆ ಮಾಡುವ ಕೆಲಸ ಅಲ್ಲ ಇದು.

ಮೊದಲು ನೀರಿನ ಅಳತೆ. ನಮ್ಮದು 90 ಸೆಂಟಿಮೀಟರ್ ಉದ್ದ, 45 ಅಗಲ, ನೀರಿನ ಎತ್ತರ 40. ಗುಣಿಸಿ ಸಾವಿರದಿಂದ ಭಾಗಿಸಿದರೆ 162 ಲೀಟರ್. ಕಲ್ಲು, ಮರಳು ಹಿಡಿದಿರುವ ಜಾಗ ಕಳೆದರೆ ಸುಮಾರು 140. ಟ್ಯಾಂಕಿನ ಕೆಳಗೆ ಫಿಲ್ಟರ್ ತೊಟ್ಟಿ ಇದ್ದರೆ ಅದರ ನೀರನ್ನೂ ಸೇರಿಸಿ. ಬಾಟಲಿಯ ಮೇಲೆ ಬರೆದ ಪ್ರಮಾಣವನ್ನು ಈ ನಿಜವಾದ ಅಳತೆಗೆ ಹಾಕಿ.

ಎರಡನೆಯದು ಸಿದ್ಧತೆ. ಔಷಧಿಯ ಮುಚ್ಚಳ ತೆಗೆಯೋ ಮೊದಲೇ ಇವೆಲ್ಲ ಪಕ್ಕದಲ್ಲಿರಲಿ:

40 ಲೀಟರ್ ಹೊಸ ಉಪ್ಪುನೀರು, ಟ್ಯಾಂಕಿನಷ್ಟೇ ಬೆಚ್ಚಗೆ.

ತೊಳೆದು ಜಾಲರಿ ಚೀಲಕ್ಕೆ ತುಂಬಿದ ಆಕ್ಟಿವೇಟೆಡ್ ಕಾರ್ಬನ್.

ಏರ್ ಪಂಪ್, ಯಾಕಂದ್ರೆ ಈ ಹೊತ್ತಿನಲ್ಲಿ ಮೀನಿಗೆ ಗಾಳಿ ಚೆನ್ನಾಗಿ ಸಿಗಬೇಕು.

ಹೀಟರ್ ಹಾಕಿದ, ಒಳ್ಳೆ ನೀರಿರುವ ಒಂದು ಟಬ್. ಕೈ ಮೀರಿದರೆ ಮೀನನ್ನು ಅಲ್ಲಿಗೆ ಎತ್ತೋಕೆ.

ಫಿಲ್ಟರಿನಲ್ಲಿ ಹಳೆ ಕಾರ್ಬನ್ ಇದ್ದರೆ ತೆಗೆದಿಡಿ, ಇಲ್ಲದಿದ್ದರೆ ಅದು ಔಷಧಿಯನ್ನೇ ಹೀರಿಕೊಳ್ಳುತ್ತೆ. ಔಷಧಿ ಹಾಕಿದ ಮೇಲೆ ಪೈಪ್ ಹಿಡಿದು ನಿಲ್ಲಿ. ಉಳಿದಿದ್ದ ಹುಳುಗಳು ಸ್ವಲ್ಪ ಹೊತ್ತಿನಲ್ಲೇ ಮುದುಡಿಕೊಂಡು ಕಲ್ಲು ಬಿಟ್ಟು ತೇಲೋಕೆ ಶುರು ಮಾಡಿದವು. ಕಂಡ ಕಂಡ ಹಾಗೆ ಎಳೆದು ಹೊರಗೆ ಹಾಕಿದೆ. ಕಲ್ಲಿನ ಹಿಂದೆ ಅಡಗಿದ್ದವೂ ಬಂದವು, ಚೌಕದ ಲೆಕ್ಕಕ್ಕಿಂತ ಹೆಚ್ಚೇ. ಅಮ್ಮ ಮೀನಿನ ಕಿವಿರು ನೋಡ್ತಾ ಕೂತಿದ್ದಳು. ಮುಕ್ಕಾಲು ಗಂಟೆ ಆದಾಗ "ರಾಣಿ ಏದುಸಿರು ಬಿಡ್ತಿದೆಯಲ್ಲೋ" ಅಂದಳು. ಕಾಯದೆ ಕಾರ್ಬನ್ ಇಳಿಸಿ, 40 ಲೀಟರ್ ನೀರು ಬದಲಿಸಿದೆವು. ಉಸಿರು ಹದಕ್ಕೆ ಬರೋವರೆಗೆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ರಾತ್ರಿ ಎರಡೂ ತಮ್ಮ ಮೂಲೆ ಸೇರಿ ಮಲಗಿದ ಮೇಲೆ ಅನ್ನಕ್ಕಿಟ್ಟಿದ್ದು.

ಒಂದು ವಾರ ಬಿಟ್ಟು ಮತ್ತೊಮ್ಮೆ ಹಾಕಿದೆವು. ಮೊದಲ ಸಲ ತಪ್ಪಿಸಿಕೊಂಡ ಒಂದು ಹುಳು ಉಳಿದರೂ ಕಥೆ ಮೊದಲಿನಿಂದ ಶುರು. ಎರಡನೇ ಸಲ ಬಿದ್ದಿದ್ದು ನಾಲ್ಕೇ.

ಹುಳು ತಿನ್ನುವ ಮೀನು ತಂದರೆ?

ಸಿಕ್ಸ್‌ಲೈನ್ ರ‍್ಯಾಸ್ ಅನ್ನುವ ಮೀನು ಕೆಲವು ಟ್ಯಾಂಕುಗಳಲ್ಲಿ ಇವನ್ನು ತಿನ್ನುತ್ತೆ, ಕೆಲವು ಕಡೆ ಮೂಸಿಯೂ ನೋಡಲ್ಲ. ಸ್ವಭಾವ ಮಾತ್ರ ಜಗಳಗಂಟಿ. ನೀಲಿ ಮಖಮಲ್ಲಿನಂಥ ಒಂದು ಕಡಲ ಗೊಂಡೆಹುಳು ಇದೆ, ಕೆಲಿಡೊನ್ಯುರಾ ವೇರಿಯನ್ಸ್ ಅಂತ. ನೋಡೋಕೆ ಬಲು ಚಂದ, ಅದರ ಆಹಾರವೇ ಚಪ್ಪಟೆ ಹುಳು. ಆದರೆ ಬೇರೇನೂ ತಿನ್ನೋದಿಲ್ಲ. ನಿಮ್ಮ ಟ್ಯಾಂಕ್ ಸ್ವಚ್ಛ ಆದ ದಿನವೇ ಅದಕ್ಕೆ ಉಪವಾಸ ಶುರು. ಕೆಲಸ ಮುಗಿದ ಮೇಲೆ ಹಸಿದು ಸಾಯಲಿ ಅಂತ ಒಂದು ಜೀವ ತರೋಕೆ ನನಗೆ ಮನಸ್ಸಾಗಲಿಲ್ಲ.

ಹವಳ ಸಾಕುವವರಿಗೆ

ವಿದೇಶದಲ್ಲಿರುವ ನಮ್ಮ ಓದುಗರಲ್ಲಿ ಕೆಲವರು ಹವಳದ ಟ್ಯಾಂಕ್ ಇಟ್ಟಿರಬಹುದು. ಅಕ್ರೊಪೊರಾ ಹವಳವನ್ನೇ ತಿನ್ನುವ ಇನ್ನೊಂದು ಚಪ್ಪಟೆ ಹುಳು ಇದೆ. 2011ರಲ್ಲಿ ಅದಕ್ಕೆ ಅಮಾಕುಸಾಪ್ಲಾನಾ ಅಕ್ರೊಪೊರೇ ಅಂತ ಹೆಸರಿಟ್ಟರು. ಹವಳವನ್ನು ಔಷಧಿ ನೀರಿನಲ್ಲಿ ಅದ್ದಿದರೆ ಹುಳು ಉದುರುತ್ತೆ, ಮೊಟ್ಟೆ ಸಾಯೋದಿಲ್ಲ. ಮೊಟ್ಟೆ ಹುಡುಕಿ ಕೆರೆದು ತೆಗೆದು, ಕೆಲವು ವಾರ ಮತ್ತೆ ಮತ್ತೆ ಅದ್ದಬೇಕು. ಭಾರತದಲ್ಲಿ ಈ ಪ್ರಶ್ನೆಯೇ ಬರಬಾರದು. ಇಲ್ಲಿ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅಂಗಡಿಯವರು "ಏನಾಗಲ್ಲ ಸರ್" ಅಂದರೂ ತರಬೇಡಿ.

ಮತ್ತೆ ಬಾರದಿರಲು

ಇವು ಬರೋದು ಕಲ್ಲು, ಕಡಲ ಪಾಚಿ, ಹವಳದ ಜೊತೆ ಅಂಟಿಕೊಂಡು. ಹೊಸದು ಏನೇ ತಂದರೂ ಬೇರೆ ಬಕೆಟ್ಟಿನ ಉಪ್ಪುನೀರಿನಲ್ಲಿ ಚೆನ್ನಾಗಿ ಜಾಲಾಡಿ, ಆ ನೀರು ಚೆಲ್ಲಿ. ಆಮೇಲೆ ಚಿಕ್ಕ ಟಬ್ಬಿನಲ್ಲಿ ಲೈಟ್ ಹಾಕಿ ನಾಲ್ಕರಿಂದ ಆರು ವಾರ ಇಟ್ಟು ನೋಡಿ. ಮೀನು ಎರಡು ನಿಮಿಷದಲ್ಲಿ ಮುಗಿಸುವಷ್ಟೇ ಊಟ ಹಾಕಿ. ನೀರು ನಿಂತಂತಿರುವ ಮೂಲೆಗಳ ಕಡೆಗೆ ವೇವ್‌ಮೇಕರ್ ತಿರುಗಿಸಿ. ಟ್ಯಾಂಕಿನಿಂದ ತೆಗೆದ ನೀರನ್ನು ಬಚ್ಚಲಿಗೆ ಚೆಲ್ಲಿ. ಬಾಲ್ಕನಿ ಗಿಡಕ್ಕೆ ಹಾಕಿದರೆ ಉಪ್ಪಿಗೆ ಗಿಡ ಸಾಯುತ್ತೆ.

ನಿಮ್ಮ ಗಾಜಿನ ಮೇಲೆ ತುಕ್ಕಿನ ಚುಕ್ಕೆ ಇವತ್ತೇ ಕಂಡಿದ್ದರೆ ಗಾಬರಿ ಬೇಡ. ಔಷಧಿ ಆರ್ಡರ್ ಮಾಡಿ, ಬರಲಿ, ಕಪಾಟಿನಲ್ಲಿಡಿ. ಮೊದಲು ಒಂದು ಮಾರ್ಕರ್ ತಗೊಂಡು ಗಾಜಿನ ಮೇಲೆ ಚೌಕ ಬರೆಯಿರಿ. ಎಣಿಸೋಕೆ ಮನೆಯಲ್ಲಿ ಬಿಡುವಿರುವ ಒಬ್ಬರನ್ನು ಜೊತೆಗೆ ಕರೆಯಿರಿ. ಅವರಿಗೂ ಆ ಮೀನು ತಮ್ಮದು ಅನಿಸುತ್ತೆ.