ಮುಂದಿನ ಚಕ್ರ ಕೂರಿಸುವಾಗ ಅವಸರ ಬೇಡ

ಮಳೆಗಾಲ ಮುಗಿದೊಡನೆ ಬೆಳೆಗಾರ ಬಂಧುಗಳಲ್ಲಿ ಅನೇಕರು ಮೋಟಾರ್ ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ, ಡ್ರಮ್ಮಿನ ಕೆಸರು ತೆಗೆದು, ಆಕ್ಸಲ್ಲಿಗೆ ಗ್ರೀಸ್ ಹಚ್ಚುವುದುಂಟು. ತೋಟದ ಕೆಲಸ ಕೆಡಿಸಿಕೊಂಡು ಪೇಟೆಯ ಗ್ಯಾರೇಜಿನಲ್ಲಿ ಕಾಯುವುದಕ್ಕಿಂತ ಇದು ಲೇಸು. ಆದರೆ ಬಿಚ್ಚುವಾಗಿನ ಶ್ರದ್ಧೆ ಜೋಡಿಸುವಾಗ ಉಳಿಯುವುದಿಲ್ಲವೆಂಬುದೇ ನಮ್ಮ ಆತಂಕ.

ಡ್ರಮ್ ಬ್ರೇಕಿನ ಹಲವು ಗಾಡಿಗಳಲ್ಲಿ ಬ್ರೇಕ್ ಪ್ಲೇಟಿನ ಕಚ್ಚು ಫೋರ್ಕಿನ ಉಬ್ಬಿಗೆ ಸರಿಯಾಗಿ ಕೂರಲೇಬೇಕು. ತಪ್ಪಿದರೆ ಬ್ರೇಕ್ ಹಿಡಿದಾಕ್ಷಣ ಪ್ಲೇಟು ಚಕ್ರದೊಂದಿಗೇ ತಿರುಗಿ, ಕೇಬಲ್ ಸುತ್ತಿಕೊಂಡು, ಚಕ್ರ ಹಠಾತ್ತನೆ ಕಚ್ಚಿಕೊಳ್ಳಬಹುದು. ಘಾಟಿಯ ಇಳಿಜಾರಿನಲ್ಲಿ, ಹಿಂದೆ ಮನೆಯವರು ಕುಳಿತಿರುವಾಗ, ಇದರ ಫಲವೇನೆಂದು ಹೇಳಬೇಕಾಗಿಲ್ಲ. ಬುಷ್ಷುಗಳು ಇದ್ದ ಕಡೆಗೇ ಮರಳಬೇಕು. ಆಕ್ಸಲ್ ನಟ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ, ಬಳಿಕ ಬ್ರೇಕ್ ಹಿಡಿದುಕೊಂಡು ಪೂರ್ತಿ ಬಿಗಿದರೆ ಲೈನರು ಡ್ರಮ್ಮಿಗೆ ಸಮನಾಗಿ ಕೂರುತ್ತದೆ. ಸ್ಪ್ಲಿಟ್ ಪಿನ್ ಇದ್ದಲ್ಲಿ ಹೊಸದೇ ಹಾಕಬೇಕು. ಡಿಸ್ಕ್ ಬ್ರೇಕಿನವರು ಚಕ್ರ ಹೊರಗಿರುವಾಗ ಲಿವರ್ ಒತ್ತಬಾರದು. ಒತ್ತಿದರೆ ಪ್ಯಾಡುಗಳು ಹತ್ತಿರ ಸರಿದು ಡಿಸ್ಕಿಗೆ ಜಾಗವಿಲ್ಲದಾಗುತ್ತದೆ. ಚಕ್ರ ಕೂರಿಸಿದ ಮೇಲೆ ಲಿವರ್ ಗಟ್ಟಿಯಾಗುವವರೆಗೆ ಒತ್ತದೆ ಗಾಡಿ ಹತ್ತಬಾರದು.

ನಟ್ಟಿನ ಬಿಗಿ ಎಷ್ಟಿರಬೇಕೆಂಬುದಕ್ಕೆ ತಯಾರಕರು ಅಳತೆ ಗೊತ್ತುಮಾಡಿದ್ದಾರೆ. ಕೈಯ ಅಂದಾಜು ಸಾಲದು. ಅದನ್ನಳೆಯುವ ಟಾರ್ಕ್ ವ್ರೆಂಚನ್ನು ಪ್ರತಿಯೊಬ್ಬರೂ ಕೊಳ್ಳುವುದು ಸಣ್ಣ ಬೆಳೆಗಾರರಿಗೆ ಹೊರೆ. ಬೋರ್ಡೋ ಹೊಡೆಯುವ ಪಂಪನ್ನು ಹಂಚಿಕೊಂಡು ಬಳಸುವ ನಾವು, ಇದನ್ನೂ ಸಂಘದಲ್ಲಿ ಒಂದು ಇಟ್ಟುಕೊಳ್ಳಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಸದಸ್ಯರು ಇದನ್ನು ತೀರ್ಮಾನಿಸಲಿ.