ಹಲಗೆಯೂ ಹೊಸ್ತಿಲೂ

ಅಮೆರಿಕೆಯ ವಾದ್ಯಗಾರರ ಸಂಘದಲ್ಲಿ ಕಪ್ಪುಜನರಿಗೂ ಬಿಳಿಯರಿಗೂ ಬೇರೆ ಬೇರೆ ಶಾಖೆಗಳಿದ್ದವು. ಲಾಸ್ ಏಂಜಲೀಸಿನಲ್ಲಿ 1953ರಲ್ಲಿಯೂ ಶಿಕಾಗೋದಲ್ಲಿ 1966ರಲ್ಲಿಯೂ ಅವು ಒಂದಾದವು. ಇದನ್ನೋದಿ ಪರರ ಅನ್ಯಾಯಕ್ಕೆ ಮರುಗುವ ರಾಯಚೂರಿನ ವಿದ್ಯಾವಂತರು ತಮ್ಮ ಓಣಿಯನ್ನೇಕೆ ಕಾಣರು? ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಸೀಮೆಯದು. ಜಗನ್ನಾಥದಾಸರು ಬಾಳಿದುದು ಮಾನ್ವಿಯಲ್ಲಿ. ಇಂತಹ ನಾಡಿನಲ್ಲಿ ತಂಬೂರಿಗೆ ಪೂಜೆ, ಹಲಗೆಗೆ ಮೈಲಿಗೆ! ಮಾದಿಗರ ಹಲಗೆಯಿಲ್ಲದೆ ಜಾತ್ರೆ ಸಾಗದು. ಆದರೂ ಎಷ್ಟೋ ಹಳ್ಳಿಗಳಲ್ಲಿ ಬಾರಿಸಿದವನಿಗೆ ಗುಡಿಯ ಹೊಸ್ತಿಲು ದೂರ. ಅದು ಕುಲವೃತ್ತಿಯೆಂಬ ಸಮಾಧಾನ ಸಲ್ಲದು; ಒಲ್ಲೆನೆನ್ನುವ ಅಧಿಕಾರವಿಲ್ಲದ ಕೆಲಸವು ವೃತ್ತಿಯಲ್ಲ, ಬಿಟ್ಟಿ. ಅಲ್ಲಿಯ ಭೇದವನ್ನು ಸಂಘವೇ ಅಳಿಸಿತು. ಇಲ್ಲಿ ಅಸ್ಪೃಶ್ಯತೆಯನ್ನು 1950ರ ಸಂವಿಧಾನವು 17ನೆಯ ವಿಧಿಯಿಂದ ತೊಡೆದಿದೆ. ಉಳಿದುದು ಮನೆಮನೆಯ ರೂಢಿ. ಅದನ್ನು ಅಳಿಸಬೇಕಾದವರು ಓದಿದ ಮನೆಯವರೇ. ಹಲಗೆಯವನಿಗೆ ಒಪ್ಪಿದ ಕೂಲಿಯೂ ಗುಡಿಯೊಳಗೆ ಸ್ಥಳವೂ ದೊರೆಯದೆ ಜಾತ್ರೆಯ ವೈಭವವನ್ನು ಹೊಗಳುವುದು ನಾಚಿಕೆಗೇಡು.